ಸಬ್‌ಕ್ವೆರಿಯೊಳಗಿನ ಕಾಲಂ ಯಾವ ಟೇಬಲಿನದು? ಹೆಸರು ಬಗೆಹರಿಯುವ ಕ್ರಮವನ್ನು ತಿಳಿಯಲು ಒಂದು ಮಾರ್ಗದರ್ಶಿ

ಸಬ್‌ಕ್ವೆರಿಯಲ್ಲಿ ಬರೆದ ಕಾಲಂ ಆ ಟೇಬಲಿನಲ್ಲಿ ಇಲ್ಲವೇ ಇಲ್ಲ, ಆದರೂ ಡೇಟಾಬೇಸ್ ಎರರ್ ತೋರಿಸದೆ ಎಲ್ಲ ಸಾಲುಗಳನ್ನೂ ಕೊಟ್ಟುಬಿಟ್ಟಿತು, ಇದು ಸಾಫ್ಟ್‌ವೇರಿನ ದೋಷವಲ್ಲವೇ? ಎಸ್‌ಕ್ಯೂಎಲ್ ಕಲಿಯುತ್ತಿರುವ ಓದುಗರು ಈ ಪ್ರಶ್ನೆಯನ್ನು ಬೇರೆ ಬೇರೆ ಮಾತುಗಳಲ್ಲಿ ಮತ್ತೆ ಮತ್ತೆ ಕೇಳುತ್ತಿದ್ದಾರೆ. ಇದು ದೋಷವಲ್ಲ. ಪೋಸ್ಟ್‌ಗ್ರೆಸ್, ಮೈಎಸ್‌ಕ್ಯೂಎಲ್, ಒರಾಕಲ್, ಎಸ್‌ಕ್ಯೂಎಲ್ ಸರ್ವರ್, ಎಸ್‌ಕ್ಯೂಲೈಟ್ ಎಲ್ಲವೂ ಈ ವಿಷಯದಲ್ಲಿ ಒಂದೇ ರೀತಿ ನಡೆದುಕೊಳ್ಳುತ್ತವೆ, ಏಕೆಂದರೆ ಎಸ್‌ಕ್ಯೂಎಲ್ ಮಾನಕದ ನಿಯಮವೇ ಹಾಗಿದೆ. ನಿಯಮ ಸರಳವಾದುದೇ, ಆದರೆ ಅದು ತಿಳಿಯದಿದ್ದರೆ ಒಂದು ಸಣ್ಣ ಡಿಲೀಟ್ ಆಜ್ಞೆ ಇಡೀ ಟೇಬಲನ್ನು ಬರಿದು ಮಾಡಬಲ್ಲದು.

ಬೇಕಾಗುವ ಸಿದ್ಧತೆ

ಸೆಲೆಕ್ಟ್, ವೇರ್ ಮತ್ತು ಜಾಯಿನ್ ಬಳಸಿ ಸರಳ ಕ್ವೆರಿಗಳನ್ನು ಬರೆಯಲು ನಿಮಗೆ ಬರುತ್ತದೆ ಎಂದು ಭಾವಿಸಿದ್ದೇನೆ. ಒಂದು ಕ್ವೆರಿಯೊಳಗೆ ಆವರಣ ಚಿಹ್ನೆಗಳ ನಡುವೆ ಬರೆಯುವ ಇನ್ನೊಂದು ಕ್ವೆರಿಗೆ ಸಬ್‌ಕ್ವೆರಿ ಎನ್ನುತ್ತೇವೆ. ಮೇಲೆ ಹೇಳಿದ ಯಾವುದಾದರೂ ಒಂದು ಡೇಟಾಬೇಸಿನಲ್ಲಿ, ನಿಜವಾದ ಕಚೇರಿ ಕೆಲಸ ನಡೆಯದ ಅಭ್ಯಾಸದ ಪ್ರತಿಯೊಂದನ್ನು ತೆರೆದಿಟ್ಟುಕೊಂಡು ಇದನ್ನು ಓದಿ.

ಇಲ್ಲಿನ ಉದಾಹರಣೆಗಳಲ್ಲಿ ಎಸ್‌ಕ್ಯೂಎಲ್ ಪದಗಳನ್ನು ಉಚ್ಚಾರಣೆಯಂತೆ ಕನ್ನಡ ಅಕ್ಷರಗಳಲ್ಲಿ ಕೊಟ್ಟಿದ್ದೇನೆ. ಟೈಪ್ ಮಾಡುವಾಗ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಬರೆಯಬೇಕು. ಟೇಬಲ್ ಮತ್ತು ಕಾಲಂಗಳ ಹೆಸರುಗಳು ಕನ್ನಡದಲ್ಲಿದ್ದರೂ ಪೋಸ್ಟ್‌ಗ್ರೆಸ್ ಮತ್ತು ಮೈಎಸ್‌ಕ್ಯೂಎಲ್ ಒಪ್ಪುತ್ತವೆ, ಆದ್ದರಿಂದ ಅವನ್ನು ಹೀಗೆಯೇ ಇಟ್ಟುಕೊಳ್ಳಬಹುದು.

ಒಂದು ಸಣ್ಣ ಗ್ರಂಥಾಲಯದ ಮೂರು ಟೇಬಲ್‌ಗಳು ನಮಗೆ ಸಾಕು:

ಸದಸ್ಯರು: ಐಡಿ, ಹೆಸರು, ಊರು, ಟಿಪ್ಪಣಿ
ಎರವಲು: ಐಡಿ, ಸದಸ್ಯ_ಐಡಿ, ಪುಸ್ತಕ, ದಿನಾಂಕ
ರದ್ದಾದವರು: ಐಡಿ, ಕಾರಣ

ಸದಸ್ಯತ್ವ ರದ್ದಾದವರ ಪಟ್ಟಿಯೇ ಮೂರನೆಯ ಟೇಬಲ್. ಅದರಲ್ಲಿರುವ ಐಡಿ ಸದಸ್ಯರ ಐಡಿಯೇ ಹೌದಾದರೂ ಕಾಲಮಿನ ಹೆಸರು ಸದಸ್ಯ_ಐಡಿ ಅಲ್ಲ, ಬರೀ ಐಡಿ ಎಂಬುದನ್ನು ನೆನಪಿಡಿ. ಮುಂದಿನ ತೊಡಕುಗಳಲ್ಲಿ ಹೆಚ್ಚಿನವು ಇಲ್ಲಿಂದಲೇ ಹುಟ್ಟುತ್ತವೆ.

ಹಂತ 1: ಕ್ವೆರಿಯ ಮಟ್ಟಗಳನ್ನು ಗುರುತಿಸಿ

ಯಾವುದೇ ಕ್ವೆರಿಯನ್ನು ಓದುವಾಗ ಮೊದಲು ಅದರಲ್ಲಿ ಎಷ್ಟು ಸೆಲೆಕ್ಟ್‌ಗಳಿವೆ ಎಂದು ಎಣಿಸಿ, ಪ್ರತಿಯೊಂದರ ಪಕ್ಕದಲ್ಲಿ ಅದರ ಫ್ರಮ್ ಭಾಗದಲ್ಲಿರುವ ಟೇಬಲ್‌ಗಳನ್ನು ಬರೆದುಕೊಳ್ಳಿ. ಒಂದು ಸೆಲೆಕ್ಟ್ ಮತ್ತು ಅದರ ಫ್ರಮ್ ಸೇರಿ ಒಂದು ಮಟ್ಟವಾಗುತ್ತದೆ. ಡಿಲೀಟ್ ಮತ್ತು ಅಪ್‌ಡೇಟ್ ಆಜ್ಞೆಗಳಲ್ಲಿ, ಬದಲಾಗುವ ಟೇಬಲ್ ಹೊರಗಿನ ಮಟ್ಟಕ್ಕೆ ಸೇರುತ್ತದೆ. ಒಂದು ಮಟ್ಟದಲ್ಲಿ ಕಾಣುವ ಕಾಲಂಗಳ ಒಟ್ಟು ಗುಂಪನ್ನು ಆ ಮಟ್ಟದ ವ್ಯಾಪ್ತಿ ಎಂದು ಕರೆಯೋಣ.

ಹಂತ 2: ಒಳಗಿನಿಂದ ಹೊರಕ್ಕೆ ಹುಡುಕಿ

ಕಾಲಮಿನ ಹೆಸರಿನ ಹಿಂದೆ ಟೇಬಲಿನ ಹೆಸರನ್ನು ಚುಕ್ಕಿ ಹಾಕಿ ಬರೆದಿದ್ದರೆ, ಉದಾಹರಣೆಗೆ ಎರವಲು.ದಿನಾಂಕ ಎಂದಿದ್ದರೆ, ಕಾಲಂ ಆ ಟೇಬಲಿನಲ್ಲೇ ಇರಬೇಕು; ಇಲ್ಲದಿದ್ದರೆ ಎರರ್ ಬರುತ್ತದೆ. ಬರೀ ದಿನಾಂಕ ಎಂದಷ್ಟೇ ಬರೆದಿದ್ದರೆ, ಡೇಟಾಬೇಸ್ ಮೊದಲು ಆ ಹೆಸರನ್ನು ಬರೆದಿರುವ ಮಟ್ಟದ ಟೇಬಲ್‌ಗಳಲ್ಲಿ ಹುಡುಕುತ್ತದೆ, ಅಲ್ಲಿ ಸಿಗದಿದ್ದರೆ ಒಂದು ಮಟ್ಟ ಹೊರಗೆ ಹೋಗಿ ಹುಡುಕುತ್ತದೆ, ಅಲ್ಲಿಯೂ ಸಿಗದಿದ್ದರೆ ಅದರ ಹೊರಗೆ; ಅತ್ಯಂತ ಹೊರಗಿನ ಮಟ್ಟದಲ್ಲೂ ಸಿಗದೇ ಹೋದಾಗ ಮಾತ್ರ ಅಂಥ ಕಾಲಂ ಇಲ್ಲ ಎಂದು ದೂರುತ್ತದೆ. ಆ ದೂರು ಮೈಎಸ್‌ಕ್ಯೂಎಲ್‌ನಲ್ಲಿ ಎರರ್ 1054 ಆಗಿ, ಒರಾಕಲ್‌ನಲ್ಲಿ ಓಆರ್‌ಎ-00904 ಆಗಿ, ಎಸ್‌ಕ್ಯೂಎಲ್ ಸರ್ವರ್‌ನಲ್ಲಿ 207 ಆಗಿ, ಪೋಸ್ಟ್‌ಗ್ರೆಸ್‌ನಲ್ಲಿ 42703 ಆಗಿ ಬರುತ್ತದೆ.

ಹೆಸರು ಸಿಕ್ಕ ಮೊದಲ ಮಟ್ಟದಲ್ಲೇ ಹುಡುಕಾಟ ನಿಲ್ಲುತ್ತದೆ. ಆ ಒಂದೇ ಮಟ್ಟದ ಎರಡು ಟೇಬಲ್‌ಗಳಲ್ಲಿ ಅದೇ ಹೆಸರು ಸಿಕ್ಕರೆ ಡೇಟಾಬೇಸ್ ತಾನಾಗಿ ಒಂದನ್ನು ಆರಿಸುವುದಿಲ್ಲ. ಹೆಸರು ಅಸ್ಪಷ್ಟವಾಗಿದೆ ಎಂದು ಎರರ್ ಕೊಡುತ್ತದೆ. ಸದಸ್ಯರು ಮತ್ತು ಎರವಲು ಟೇಬಲ್‌ಗಳನ್ನು ಜಾಯಿನ್ ಮಾಡಿ ಬರೀ ಐಡಿ ಕೇಳಿದರೆ ಆಗುವುದು ಇದೇ. ಆದರೆ ಅದೇ ಹೆಸರು ಬೇರೆ ಬೇರೆ ಮಟ್ಟಗಳಲ್ಲಿದ್ದರೆ ಅಸ್ಪಷ್ಟತೆಯ ಮಾತೇ ಇಲ್ಲ, ಒಳಗಿನದೇ ಗೆಲ್ಲುತ್ತದೆ. ಈ ವ್ಯತ್ಯಾಸವನ್ನು ಗಮನಿಸದ ಕಾರಣ, ಗೊಂದಲವಿದ್ದರೆ ಎರರ್ ಬಂದೇ ಬರುತ್ತದೆ ಎಂಬ ತಪ್ಪು ಭರವಸೆ ಅನೇಕರಲ್ಲಿದೆ.

ಹೊರಗೆ ಹುಡುಕುವ ಅವಕಾಶವನ್ನು ಏಕೆ ಕೊಟ್ಟಿದ್ದಾರೆ ಎಂದು ನೀವು ಕೇಳಬಹುದು. ಹೊರಗಿನ ಪ್ರತಿ ಸಾಲಿಗೂ ಸಂಬಂಧಪಟ್ಟಂತೆ ಒಳಗೆ ಲೆಕ್ಕ ಹಾಕಬೇಕಾದರೆ, ಒಳಗಿನ ಕ್ವೆರಿಗೆ ಹೊರಗಿನ ಸಾಲಿನ ಮೌಲ್ಯ ಕಾಣಲೇಬೇಕು. ಹೀಗೆ ಹೊರಗಿನ ಕಾಲಮನ್ನು ಬಳಸುವ ಸಬ್‌ಕ್ವೆರಿಗೆ ಕೋರಿಲೇಟೆಡ್ ಸಬ್‌ಕ್ವೆರಿ ಎನ್ನುತ್ತಾರೆ. ನನ್ನ ಅಭಿಪ್ರಾಯದಲ್ಲಿ, ಹೊರಗೆ ನೋಡಲು ಬಿಟ್ಟದ್ದು ತಪ್ಪಲ್ಲ. ಹೊರಗಿನ ಕಾಲಮಿಗೆ ಯಾವ ಗುರುತನ್ನೂ ಹಚ್ಚದೆ ಹಾಗೆಯೇ ಬರೆಯಲು ಬಿಟ್ಟದ್ದು ಈ ಭಾಷೆಯ ದೌರ್ಬಲ್ಯ.

ಹಂತ 3: ಒಳಗೆ ಇಲ್ಲದ ಕಾಲಂ ಹೊರಗಿನದಾಗುವ ಅಪಾಯವನ್ನು ಅರಿಯಿರಿ

ಸದಸ್ಯತ್ವ ರದ್ದಾದವರ ಎರವಲು ದಾಖಲೆಗಳನ್ನು ಅಳಿಸಬೇಕಾಗಿದೆ ಎಂದುಕೊಳ್ಳಿ. ಯಾರಿಗಾದರೂ ಸಹಜವಾಗಿ ತೋಚುವ ಕ್ವೆರಿ ಹೀಗಿರುತ್ತದೆ:

ಡಿಲೀಟ್ ಫ್ರಮ್ ಎರವಲು
ವೇರ್ ಸದಸ್ಯ_ಐಡಿ ಇನ್
  (ಸೆಲೆಕ್ಟ್ ಸದಸ್ಯ_ಐಡಿ ಫ್ರಮ್ ರದ್ದಾದವರು);

ರದ್ದಾದವರು ಟೇಬಲಿನಲ್ಲಿ ಸದಸ್ಯ_ಐಡಿ ಎಂಬ ಕಾಲಂ ಇಲ್ಲ. ಒಳಗಿನ ಮಟ್ಟದಲ್ಲಿ ಸಿಗದ ಹೆಸರನ್ನು ಡೇಟಾಬೇಸ್ ಹೊರಗಿನ ಮಟ್ಟದಲ್ಲಿ, ಅಂದರೆ ಎರವಲು ಟೇಬಲಿನಲ್ಲಿ ಹುಡುಕುತ್ತದೆ, ಅಲ್ಲಿ ಅದು ಸಿಗುತ್ತದೆ. ಆದ್ದರಿಂದ ಡೇಟಾಬೇಸಿನ ಕಣ್ಣಿಗೆ ನೀವು ಬರೆದದ್ದು ಹೀಗೆ ಕಾಣುತ್ತದೆ:

ಡಿಲೀಟ್ ಫ್ರಮ್ ಎರವಲು
ವೇರ್ ಎರವಲು.ಸದಸ್ಯ_ಐಡಿ ಇನ್
  (ಸೆಲೆಕ್ಟ್ ಎರವಲು.ಸದಸ್ಯ_ಐಡಿ ಫ್ರಮ್ ರದ್ದಾದವರು);

ಎರವಲು ಟೇಬಲಿನ 7ನೇ ಸದಸ್ಯರ ಸಾಲನ್ನು ಪರಿಶೀಲಿಸುವಾಗ ಒಳಗಿನ ಕ್ವೆರಿಯು, ರದ್ದಾದವರ ಪಟ್ಟಿಯಲ್ಲಿ ಎಷ್ಟು ಸಾಲುಗಳಿವೆಯೋ ಅಷ್ಟು ಬಾರಿ 7 ಎಂಬ ಸಂಖ್ಯೆಯನ್ನೇ ಕೊಡುತ್ತದೆ. 7 ಆ ಪಟ್ಟಿಯಲ್ಲಿದೆಯೇ? ಇದೆ. 8ನೇ ಸದಸ್ಯರ ಸಾಲಿಗೆ ಬಂದಾಗ ಪಟ್ಟಿಯ ತುಂಬ 8. ಹೀಗೆ ಪ್ರತಿ ಸಾಲೂ ತನ್ನನ್ನು ತನ್ನೊಡನೆಯೇ ಹೋಲಿಸಿಕೊಂಡು ನಿಜವೆನಿಸಿಕೊಳ್ಳುತ್ತದೆ, ಅಳಿದುಹೋಗುತ್ತದೆ. ಪಟ್ಟಿಯಲ್ಲಿ ಒಬ್ಬರೇ ರದ್ದಾದ ಸದಸ್ಯರಿದ್ದರೂ ಪರಿಣಾಮ ಅದೇ.

ಇದರಲ್ಲಿ ಇನ್ನೂ ಕೆಲವು ಸೂಕ್ಷ್ಮಗಳಿವೆ, ತಪ್ಪನ್ನು ಪತ್ತೆ ಹಚ್ಚುವಾಗ ಅವೇ ದಾರಿ ತಪ್ಪಿಸುತ್ತವೆ. ಸದಸ್ಯ_ಐಡಿಯಲ್ಲಿ ನಲ್, ಅಂದರೆ ಮೌಲ್ಯವೇ ಇಲ್ಲದ ಸ್ಥಿತಿ ಇರುವ ಸಾಲುಗಳು ಮಾತ್ರ ಉಳಿಯುತ್ತವೆ, ಏಕೆಂದರೆ ನಲ್ ತನಗೆ ತಾನೇ ಸಮವೆಂದು ಎಸ್‌ಕ್ಯೂಎಲ್ ಒಪ್ಪುವುದಿಲ್ಲ. ಕೆಲವು ಸಾಲುಗಳು ಉಳಿದದ್ದನ್ನು ಕಂಡು ಕ್ವೆರಿ ಸರಿಯಾಗಿಯೇ ಆರಿಸಿ ಅಳಿಸಿದೆ ಎಂದು ನಂಬುವ ಸಾಧ್ಯತೆ ಇದೆ. ರದ್ದಾದವರು ಟೇಬಲ್ ಪೂರ್ತಿ ಖಾಲಿಯಾಗಿದ್ದರೆ ಒಂದು ಸಾಲೂ ಅಳಿಯುವುದಿಲ್ಲ. ಹಾಗಾಗಿ ಖಾಲಿ ಟೇಬಲ್ ಇಟ್ಟುಕೊಂಡು ಪರೀಕ್ಷೆ ನಡೆಸಿದವರಿಗೆ ಎಲ್ಲವೂ ಸರಿಯೆಂದೇ ಕಾಣುತ್ತದೆ. ಇನ್ ಬದಲು ನಾಟ್ ಇನ್ ಬಳಸಿದ್ದರೆ ಫಲಿತಾಂಶ ತಿರುವುಮುರುವಾಗಿ, ಪಟ್ಟಿಯಲ್ಲಿ ಒಂದಾದರೂ ಸಾಲಿರುವಾಗ ಶೂನ್ಯ ಸಾಲುಗಳು ಬರುತ್ತವೆ, ಆಗ ಅನುಮಾನವೆಲ್ಲ ಡೇಟಾದ ಮೇಲೆ ಹೋಗುತ್ತದೆ.

ಸರಿಯಾದ ರೂಪ ಇದು:

ಡಿಲೀಟ್ ಫ್ರಮ್ ಎರವಲು
ವೇರ್ ಸದಸ್ಯ_ಐಡಿ ಇನ್
  (ಸೆಲೆಕ್ಟ್ ರ.ಐಡಿ ಫ್ರಮ್ ರದ್ದಾದವರು ಆ್ಯಸ್ ರ);

ಇಲ್ಲಿ ರ ಎಂಬುದು ಅಲಿಯಾಸ್, ಅಂದರೆ ಆ ಕ್ವೆರಿಯ ಮಟ್ಟಿಗೆ ಟೇಬಲಿಗೆ ಇಟ್ಟುಕೊಂಡ ಚಿಕ್ಕ ಹೆಸರು. ಮರೆತು ರ.ಸದಸ್ಯ_ಐಡಿ ಎಂದು ಬರೆದಿದ್ದರೂ ಈಗ ಎರರ್ ಬಂದು ಕ್ವೆರಿ ಅಲ್ಲೇ ನಿಲ್ಲುತ್ತಿತ್ತು, ನಮಗೆ ಬೇಕಾದದ್ದೂ ಅದೇ.

ಎಸ್‌ಕ್ಯೂಲೈಟ್ ಬಳಸುವವರಿಗೆ ಇನ್ನೊಂದು ಎಚ್ಚರಿಕೆ ಬೇಕು. ಹೆಸರನ್ನು ಜೋಡಿ ಉದ್ಧರಣ ಚಿಹ್ನೆಯೊಳಗೆ ಬರೆದು, ಆ ಹೆಸರಿನ ಕಾಲಂ ಯಾವ ಮಟ್ಟದಲ್ಲೂ ಸಿಗದಿದ್ದರೆ, ಎಸ್‌ಕ್ಯೂಲೈಟ್ ಅದನ್ನು ಸಾಮಾನ್ಯ ಪಠ್ಯವೆಂದು ತಿಳಿದು ಮುಂದುವರಿಯುತ್ತದೆ. ಹಳೆಯ ಹೊಂದಾಣಿಕೆಗಾಗಿ ಉಳಿಸಿಕೊಂಡ ಈ ವರ್ತನೆಯನ್ನು 2019ರ 3.29 ಆವೃತ್ತಿಯಿಂದ ಸೆಟ್ಟಿಂಗ್ ಮೂಲಕ ನಿಲ್ಲಿಸಬಹುದು. ಮೈಎಸ್‌ಕ್ಯೂಎಲ್ ಅಂತೂ ಪೂರ್ವನಿಯೋಜಿತ ಸ್ಥಿತಿಯಲ್ಲಿ ಜೋಡಿ ಉದ್ಧರಣದೊಳಗಿನ ಎಲ್ಲವನ್ನೂ ಪಠ್ಯವೆಂದೇ ಓದುತ್ತದೆ.

ಹಂತ 4: ಹೊರಗಿನದೆಂದುಕೊಂಡ ಕಾಲಂ ಒಳಗಿನದಾಗುವ ಅಪಾಯವನ್ನೂ ನೋಡಿ

ರದ್ದಾದ ಕಾರಣವನ್ನು ಸದಸ್ಯರ ಟಿಪ್ಪಣಿಗೆ ತುಂಬಲು ಹೀಗೆ ಬರೆದಿದ್ದೀರಿ ಎನ್ನೋಣ:

ಅಪ್‌ಡೇಟ್ ಸದಸ್ಯರು
ಸೆಟ್ ಟಿಪ್ಪಣಿ =
  (ಸೆಲೆಕ್ಟ್ ಕಾರಣ ಫ್ರಮ್ ರದ್ದಾದವರು ವೇರ್ ಐಡಿ = ಐಡಿ);

ಬರೆದವರ ಮನಸ್ಸಿನಲ್ಲಿ ಒಂದು ಐಡಿ ಒಳಗಿನದು, ಇನ್ನೊಂದು ಹೊರಗಿನದು. ಡೇಟಾಬೇಸಿಗೆ ಎರಡೂ ಒಳಗಿನವೇ, ಏಕೆಂದರೆ ಐಡಿ ಒಳಗೇ ಸಿಕ್ಕಿತು, ಹುಡುಕಾಟ ನಿಂತಿತು. ಷರತ್ತು ಸದಾ ನಿಜವಾಗುತ್ತದೆ. ರದ್ದಾದವರ ಪಟ್ಟಿಯಲ್ಲಿ ಒಂದೇ ಸಾಲಿದ್ದರೆ ಆ ಕಾರಣವೇ ಎಲ್ಲ ಸದಸ್ಯರ ಟಿಪ್ಪಣಿಯಲ್ಲಿ ಸದ್ದಿಲ್ಲದೆ ಕೂರುತ್ತದೆ. ಒಂದಕ್ಕಿಂತ ಹೆಚ್ಚು ಸಾಲುಗಳಿದ್ದರೆ ಪೋಸ್ಟ್‌ಗ್ರೆಸ್ ಮತ್ತು ಮೈಎಸ್‌ಕ್ಯೂಎಲ್ ಎರರ್ ಕೊಡುತ್ತವೆ, ಎಸ್‌ಕ್ಯೂಲೈಟ್ ಮಾತ್ರ ಮೊದಲು ಸಿಕ್ಕ ಸಾಲನ್ನು ತೆಗೆದುಕೊಂಡು ಸುಮ್ಮನಾಗುತ್ತದೆ. ಸರಿಯಾದ ರೂಪ ಇದು:

ಅಪ್‌ಡೇಟ್ ಸದಸ್ಯರು
ಸೆಟ್ ಟಿಪ್ಪಣಿ =
  (ಸೆಲೆಕ್ಟ್ ರ.ಕಾರಣ ಫ್ರಮ್ ರದ್ದಾದವರು ಆ್ಯಸ್ ರ
   ವೇರ್ ರ.ಐಡಿ = ಸದಸ್ಯರು.ಐಡಿ)
ವೇರ್ ಸದಸ್ಯರು.ಐಡಿ ಇನ್
  (ಸೆಲೆಕ್ಟ್ ರ.ಐಡಿ ಫ್ರಮ್ ರದ್ದಾದವರು ಆ್ಯಸ್ ರ);

ಕೊನೆಯ ವೇರ್ ಭಾಗವನ್ನು ಬಿಟ್ಟರೆ, ಪಟ್ಟಿಯಲ್ಲಿಲ್ಲದ ಸದಸ್ಯರ ಹಳೆಯ ಟಿಪ್ಪಣಿಗಳು ನಲ್ ಆಗಿಬಿಡುತ್ತವೆ. ಅದು ಹೆಸರಿಗೆ ಸಂಬಂಧಿಸಿದ ತಪ್ಪಲ್ಲವಾದರೂ ಇದೇ ಕ್ವೆರಿಯಲ್ಲಿ ಜನ ಮಾಡುವ ಎರಡನೆಯ ತಪ್ಪು. ಇಲ್ಲಿ ರ ಎಂಬ ಅಲಿಯಾಸ್ ಎರಡು ಸಬ್‌ಕ್ವೆರಿಗಳಲ್ಲೂ ಇದೆ. ಅವು ಒಂದರೊಳಗೊಂದು ಇಲ್ಲದ ಕಾರಣ ತೊಂದರೆಯಿಲ್ಲ. ಆದರೆ ಒಳಗೂ ಹೊರಗೂ ಒಂದೇ ಟೇಬಲ್ ಬಂದಾಗ, ಉದಾಹರಣೆಗೆ ಪ್ರತಿ ಸದಸ್ಯರ ಇತ್ತೀಚಿನ ಎರವಲನ್ನು ಹುಡುಕುವಾಗ, ಎರಡಕ್ಕೂ ಬೇರೆ ಬೇರೆ ಅಲಿಯಾಸ್ ಕಡ್ಡಾಯವಾಗಿ ಕೊಡಿ:

ಸೆಲೆಕ್ಟ್ ಎ.ಸದಸ್ಯ_ಐಡಿ, ಎ.ಪುಸ್ತಕ
ಫ್ರಮ್ ಎರವಲು ಆ್ಯಸ್ ಎ
ವೇರ್ ಎ.ದಿನಾಂಕ =
  (ಸೆಲೆಕ್ಟ್ ಮ್ಯಾಕ್ಸ್(ಬಿ.ದಿನಾಂಕ) ಫ್ರಮ್ ಎರವಲು ಆ್ಯಸ್ ಬಿ
   ವೇರ್ ಬಿ.ಸದಸ್ಯ_ಐಡಿ = ಎ.ಸದಸ್ಯ_ಐಡಿ);

ಅಲಿಯಾಸ್ ಇಲ್ಲದಿದ್ದರೆ ಎರವಲು.ಸದಸ್ಯ_ಐಡಿ ಎಂದು ಟೇಬಲಿನ ಹೆಸರು ಸೇರಿಸಿ ಬರೆದರೂ ಅದು ಒಳಗಿನ ಎರವಲನ್ನೇ ಸೂಚಿಸುತ್ತದೆ, ಹೊರಗಿನದನ್ನು ತಲುಪಲು ದಾರಿಯೇ ಇರುವುದಿಲ್ಲ. ಒಮ್ಮೆ ಅಲಿಯಾಸ್ ಕೊಟ್ಟ ಮೇಲೆ ಆ ಮಟ್ಟದಲ್ಲಿ ಟೇಬಲಿನ ಮೂಲ ಹೆಸರು ಬಳಕೆಗೆ ಸಿಗುವುದಿಲ್ಲ ಎಂಬುದೂ ನೆನಪಿರಲಿ.

ಇಂದು ಸರಿಯಾಗಿರುವ ಕ್ವೆರಿ ನಾಳೆ ಕೆಡುವುದೂ ಇಲ್ಲಿಯೇ. ಒಳಗೆ ಎರವಲು, ಹೊರಗೆ ಸದಸ್ಯರು ಇರುವ ಸಬ್‌ಕ್ವೆರಿಯಲ್ಲಿ ಊರು = 'ಧಾರವಾಡ' ಎಂದು ಬರೀ ಹೆಸರಿನಿಂದ ಬರೆದಿದ್ದರೆ, ಅದು ಇಂದು ಸದಸ್ಯರ ಊರು. ಆರು ತಿಂಗಳ ನಂತರ ಬೇರೊಬ್ಬರು ಶಾಖೆಯ ಊರನ್ನು ದಾಖಲಿಸಲು ಎರವಲು ಟೇಬಲಿಗೆ ಊರು ಎಂಬ ಕಾಲಂ ಸೇರಿಸಿದರೆ, ನಿಮ್ಮ ಕ್ವೆರಿಯ ಒಂದು ಅಕ್ಷರವೂ ಬದಲಾಗದೆ ಅದರ ಅರ್ಥ ಬದಲಾಗುತ್ತದೆ. ಅಪ್ಲಿಕೇಶನ್ ಕಳಿಸುವ ಕ್ವೆರಿ ಪಠ್ಯರೂಪದಲ್ಲಿ ಬರುವುದರಿಂದ ಹೆಸರುಗಳು ಹೊಸದಾಗಿಯೇ ಬಗೆಹರಿಯುತ್ತವೆ. ಪೋಸ್ಟ್‌ಗ್ರೆಸ್‌ನ ವ್ಯೂಗಳಿಗೆ, ಅಂದರೆ ಹೆಸರಿಟ್ಟು ಉಳಿಸಿದ ಕ್ವೆರಿಗಳಿಗೆ ಈ ಭಯವಿಲ್ಲ. ಅವುಗಳಲ್ಲಿ ಯಾವ ಹೆಸರು ಯಾವ ಟೇಬಲಿನದೆಂಬುದು ರಚಿಸುವಾಗಲೇ ನಿಶ್ಚಯವಾಗಿರುತ್ತದೆ.

ಕೌಂಟ್, ಮ್ಯಾಕ್ಸ್ ಮುಂತಾದ ಒಟ್ಟುಗೂಡಿಸುವ ಫಂಕ್ಷನ್‌ಗಳ ವಿಷಯದಲ್ಲಿ ಒಂದು ವಿಚಿತ್ರ ನಿಯಮವಿದೆ. ಸಬ್‌ಕ್ವೆರಿಯೊಳಗೆ ಕೌಂಟ್(ಸ.ಐಡಿ) ಎಂದು ಬರೆದು, ಸ ಹೊರಗಿನ ಟೇಬಲಾಗಿದ್ದರೆ, ಕೌಂಟ್ ಹೊರಗಿನ ಕ್ವೆರಿಗೆ ಸೇರಿದ್ದೆಂದು ಪೋಸ್ಟ್‌ಗ್ರೆಸ್ ಮಾನಕದಂತೆ ಪರಿಗಣಿಸುತ್ತದೆ. ಆಗ ಗ್ರೂಪ್ ಬೈ ಇಲ್ಲ ಎಂಬರ್ಥದ, ಎಲ್ಲಿಂದ ಬಂತೆಂದು ತಿಳಿಯದ ಎರರ್ ಕಾಣಿಸಬಹುದು. ಎಣಿಸಬೇಕಾದದ್ದು ಒಳಗಿನ ಸಾಲುಗಳನ್ನಾದರೆ ಒಳಗಿನ ಕಾಲಮನ್ನೇ ಕೊಡಿ.

ಹಂತ 5: ಹೊರಗೆ ನೋಡಲಾಗದ ಜಾಗಗಳನ್ನು ತಿಳಿಯಿರಿ

ಫ್ರಮ್ ಭಾಗದೊಳಗೆ ಬರೆಯುವ ಸಬ್‌ಕ್ವೆರಿಗೆ ಅದೇ ಫ್ರಮ್‌ನಲ್ಲಿರುವ ಪಕ್ಕದ ಟೇಬಲ್‌ಗಳ ಕಾಲಂಗಳು ಕಾಣುವುದಿಲ್ಲ. ಪಕ್ಕದ ಟೇಬಲನ್ನು ನೋಡಬೇಕಾದರೆ ಲ್ಯಾಟರಲ್ ಎಂಬ ಪದವನ್ನು ಸೇರಿಸಬೇಕು. ಪೋಸ್ಟ್‌ಗ್ರೆಸ್ 2013ರ 9.3 ಆವೃತ್ತಿಯಿಂದ, ಮೈಎಸ್‌ಕ್ಯೂಎಲ್ 8.0.14ರಿಂದ, ಒರಾಕಲ್ 12ಸಿಯಿಂದ ಇದನ್ನು ಒಪ್ಪುತ್ತವೆ. ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಇದೇ ಕೆಲಸಕ್ಕೆ 2005ರಿಂದ ಕ್ರಾಸ್ ಅಪ್ಲೈ ಮತ್ತು ಔಟರ್ ಅಪ್ಲೈ ಇವೆ. ಪ್ರತಿ ಸದಸ್ಯರ ಇತ್ತೀಚಿನ ಮೂರು ಎರವಲುಗಳನ್ನು ಪಡೆಯುವ ಉದಾಹರಣೆ ಇದು:

ಸೆಲೆಕ್ಟ್ ಸ.ಹೆಸರು, ಇ.ಪುಸ್ತಕ
ಫ್ರಮ್ ಸದಸ್ಯರು ಆ್ಯಸ್ ಸ
ಕ್ರಾಸ್ ಜಾಯಿನ್ ಲ್ಯಾಟರಲ್
  (ಸೆಲೆಕ್ಟ್ ಎ.ಪುಸ್ತಕ ಫ್ರಮ್ ಎರವಲು ಆ್ಯಸ್ ಎ
   ವೇರ್ ಎ.ಸದಸ್ಯ_ಐಡಿ = ಸ.ಐಡಿ
   ಆರ್ಡರ್ ಬೈ ಎ.ದಿನಾಂಕ ಡೆಸ್ಕ್ ಲಿಮಿಟ್ 3) ಆ್ಯಸ್ ಇ;

ಸೆಲೆಕ್ಟ್ ಪಟ್ಟಿಯಲ್ಲಿ ನೀವು ಕೊಟ್ಟ ಹೊಸ ಹೆಸರು ಅದೇ ಮಟ್ಟದ ವೇರ್ ಭಾಗಕ್ಕೆ ಮಾನಕದ ಪ್ರಕಾರ ಕಾಣುವುದಿಲ್ಲ. ಎಸ್‌ಕ್ಯೂಲೈಟ್ ಇದಕ್ಕೆ ಅಪವಾದ, ಅಲ್ಲಿ ಕಾಣುತ್ತದೆ. ಆರ್ಡರ್ ಬೈಗೆ ಎಲ್ಲೆಡೆ ಕಾಣುತ್ತದೆ.

ಹಂತ 6: ಡೇಟಾಬೇಸಿನ ಬಾಯಿಂದಲೇ ಉತ್ತರ ಪಡೆಯಿರಿ

ಮೊದಲ ಪರೀಕ್ಷೆಯಾಗಿ ಸಬ್‌ಕ್ವೆರಿಯನ್ನು ಹೊರತೆಗೆದು ಒಂಟಿಯಾಗಿ ಓಡಿಸಿ. ಹಂತ 3ರ ಸಬ್‌ಕ್ವೆರಿ ಹೀಗೆ ಓಡಿಸಿದರೆ ಕೂಡಲೇ ಎರರ್ ಕೊಡುತ್ತದೆ, ಏಕೆಂದರೆ ನೋಡಲು ಈಗ ಹೊರಗಿನ ಮಟ್ಟವೇ ಇಲ್ಲ. ಒಂಟಿಯಾಗಿ ಓಡದ ಸಬ್‌ಕ್ವೆರಿ ಹೊರಗಿನ ಯಾವುದೋ ಕಾಲಮನ್ನು ಬಳಸುತ್ತಿದೆ ಎಂದೇ ಅರ್ಥ. ಅದು ನೀವು ಬಯಸಿದ್ದೋ ಅಲ್ಲವೋ ಎಂಬುದನ್ನಷ್ಟೇ ನಿರ್ಧರಿಸಬೇಕು. ಆದರೆ ಹಂತ 4ರ ತಪ್ಪು ಈ ಪರೀಕ್ಷೆಯಲ್ಲಿ ಸಿಕ್ಕಿಬೀಳುವುದು ಬೇರೆ ಬಗೆಯಲ್ಲಿ: ಹೊರಗಿನದನ್ನು ಬಳಸಬೇಕಾಗಿದ್ದ ಸಬ್‌ಕ್ವೆರಿ ಒಂಟಿಯಾಗಿಯೂ ಸಲೀಸಾಗಿ ಓಡಿದರೆ ಅನುಮಾನ ಪಡಿ.

ಎರಡನೆಯದಾಗಿ, ಮೈಎಸ್‌ಕ್ಯೂಎಲ್‌ನಲ್ಲಿ ಕ್ವೆರಿಯ ಆರಂಭದಲ್ಲಿ ಎಕ್ಸ್‌ಪ್ಲೇನ್ (ಕ್ವೆರಿಯನ್ನು ಡೇಟಾಬೇಸ್ ಹೇಗೆ ನಡೆಸುತ್ತದೆ ಎಂದು ತೋರಿಸುವ ಆಜ್ಞೆ) ಸೇರಿಸಿ ಓಡಿಸಿದ ಬೆನ್ನಲ್ಲೇ ಶೋ ವಾರ್ನಿಂಗ್ಸ್ ಎಂದು ಕೇಳಿ. ಒಳಗಿನ ಹೆಸರೊಂದು ಹೊರಗೆ ಬಗೆಹರಿದಿದ್ದರೆ, ಎರಡನೆಯ ಸೆಲೆಕ್ಟಿನ ಇಂಥ ಹೆಸರು ಮೊದಲನೆಯ ಸೆಲೆಕ್ಟಿನಲ್ಲಿ ಸಿಕ್ಕಿತು ಎಂಬರ್ಥದ 1276ನೇ ಸಂಖ್ಯೆಯ ಸೂಚನೆ ಅಲ್ಲಿರುತ್ತದೆ. ಇಷ್ಟು ನೇರವಾದ ಉತ್ತರವನ್ನು ಹೆಚ್ಚಿನವರು ನೋಡುವುದೇ ಇಲ್ಲವೆಂಬುದು ಬೇಸರದ ಸಂಗತಿ. ಪೋಸ್ಟ್‌ಗ್ರೆಸ್‌ನಲ್ಲಿ ಎಕ್ಸ್‌ಪ್ಲೇನ್ ವರ್ಬೋಸ್ ಬಳಸಿದರೆ ಕಾಲಂಗಳ ಹಿಂದೆ ಟೇಬಲಿನ ಹೆಸರೂ ಅಚ್ಚಾಗುತ್ತದೆ. ರದ್ದಾದವರು ಟೇಬಲನ್ನು ಓದುವ ಸಾಲಿನ ಕೆಳಗೆ ಎರವಲು.ಸದಸ್ಯ_ಐಡಿ ಎಂದು ಕಂಡರೆ ತಪ್ಪು ಅಲ್ಲೇ ಬಯಲಾಯಿತು.

ಅಳಿಸುವ ಅಥವಾ ಬದಲಾಯಿಸುವ ಆಜ್ಞೆಯಾದರೆ ಅದೇ ವೇರ್ ಭಾಗವನ್ನು ಸೆಲೆಕ್ಟ್ ಕೌಂಟ್ ಜೊತೆ ಓಡಿಸಿ, ಸಂಖ್ಯೆ ನಿಮ್ಮ ಅಂದಾಜಿಗೆ ಹೊಂದುತ್ತದೆಯೇ ನೋಡಿ. ಅನಂತರ ಬಿಗಿನ್ (ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಬಿಗಿನ್ ಟ್ರಾನ್ಸಾಕ್ಷನ್) ಎಂದು ಆರಂಭಿಸಿ ಆಜ್ಞೆ ಓಡಿಸಿ, ಎಷ್ಟು ಸಾಲುಗಳು ಬದಲಾದವೆಂದು ಓದಿ, ಸರಿಯಿದ್ದರೆ ಕಮಿಟ್ ಮಾಡಿ ಬದಲಾವಣೆಯನ್ನು ಖಾಯಂಗೊಳಿಸಿ, ಇಲ್ಲದಿದ್ದರೆ ರೋಲ್‌ಬ್ಯಾಕ್ ಮಾಡಿ ಅದನ್ನು ರದ್ದುಗೊಳಿಸಿ. ಒರಾಕಲ್‌ನಲ್ಲಿ ಬಿಗಿನ್ ಬೇಕಿಲ್ಲ, ಕಮಿಟ್ ಮಾಡುವವರೆಗೆ ಬದಲಾವಣೆ ಹಾಗೆಯೇ ತಡೆದಿರುತ್ತದೆ.

ಹಂತ 7: ತಪ್ಪು ಬಾಯಿಬಿಡುವಂತೆ ಬರೆಯಿರಿ

ಸಬ್‌ಕ್ವೆರಿ ಇರುವ ಯಾವುದೇ ಕ್ವೆರಿಯಲ್ಲಿ, ಟೇಬಲ್ ಒಂದೇ ಇದ್ದರೂ, ಪ್ರತಿ ಕಾಲಮಿಗೂ ಅಲಿಯಾಸ್ ಹಚ್ಚಿ. ಬರೆಯಲು ತುಸು ಉದ್ದವಾಗುತ್ತದೆ ಎಂಬುದನ್ನು ಬಿಟ್ಟರೆ ಇದಕ್ಕೆ ಬೇರೆ ಯಾವ ಬೆಲೆಯೂ ಇಲ್ಲ. ಒಳಗಿನ ಕ್ವೆರಿ ಹೊರಗಿನದನ್ನು ಬಳಸಬೇಕಾಗಿಲ್ಲದಿದ್ದರೆ ಅದನ್ನು ವಿತ್ ಬಳಸಿ ಕ್ವೆರಿಯ ಆರಂಭಕ್ಕೆ ತರಬಹುದು; ಅಲ್ಲಿಗೆ ಹೊರಗಿನ ಕಾಲಂಗಳು ಕಾಣುವುದೇ ಇಲ್ಲವಾದ್ದರಿಂದ ತಪ್ಪು ಹೆಸರು ತಕ್ಷಣ ಎರರ್ ಆಗುತ್ತದೆ. ಬಳಸಬೇಕಾಗಿದ್ದರೆ ಇನ್‌ಗಿಂತ, ಒಳಗೆ ಒಂದಾದರೂ ಸಾಲು ಸಿಗುತ್ತದೆಯೇ ಎಂದಷ್ಟೇ ನೋಡುವ ಎಕ್ಸಿಸ್ಟ್ಸ್ ಉತ್ತಮ, ಏಕೆಂದರೆ ಅದರಲ್ಲಿ ಎರಡು ಟೇಬಲ್‌ಗಳ ಸಂಬಂಧವನ್ನು ಎ.ಸದಸ್ಯ_ಐಡಿ = ರ.ಐಡಿ ಎಂದು ಬಿಡಿಸಿ ಬರೆಯಲೇಬೇಕಾಗುತ್ತದೆ. ನಾಟ್ ಇನ್ ಬದಲು ನಾಟ್ ಎಕ್ಸಿಸ್ಟ್ಸ್ ಬಳಸಿದರೆ ಒಳಗಿನ ಪಟ್ಟಿಯಲ್ಲಿ ನಲ್ ಇದ್ದಾಗ ಒಂದೂ ಸಾಲು ಬರದ ಇನ್ನೊಂದು ತೊಡಕೂ ತಪ್ಪುತ್ತದೆ.

ಸ್ಟೋರ್ಡ್ ಪ್ರೊಸೀಜರ್‌ಗಳನ್ನು, ಅಂದರೆ ಡೇಟಾಬೇಸಿನೊಳಗೇ ಉಳಿಸಿಡುವ ಪ್ರೋಗ್ರಾಂಗಳನ್ನು ಬರೆಯುವವರು ಇನ್ನೊಂದು ವ್ಯಾಪ್ತಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು: ವೇರಿಯಬಲ್‌ಗಳದ್ದು. ವೇರಿಯಬಲಿಗೂ ಕಾಲಮಿಗೂ ಒಂದೇ ಹೆಸರಿದ್ದರೆ ಒರಾಕಲ್ ಕಾಲಮನ್ನು ಆರಿಸುತ್ತದೆ, ಮೈಎಸ್‌ಕ್ಯೂಎಲ್ ವೇರಿಯಬಲನ್ನು ಆರಿಸುತ್ತದೆ, ಪೋಸ್ಟ್‌ಗ್ರೆಸ್ 9.0ರಿಂದ ಈಚೆಗೆ ಹೆಸರು ಅಸ್ಪಷ್ಟವೆಂದು ಎರರ್ ಕೊಡುತ್ತದೆ. ಒಂದೇ ಪ್ರೊಸೀಜರನ್ನು ಒಂದು ಡೇಟಾಬೇಸಿನಿಂದ ಇನ್ನೊಂದಕ್ಕೆ ಸಾಗಿಸುವಾಗ, ವೇರ್ ಸದಸ್ಯ_ಐಡಿ = ಸದಸ್ಯ_ಐಡಿ ಎಂಬಂಥ ಸಾಲು ಎಲ್ಲೂ ಉಳಿಯದಂತೆ ವೇರಿಯಬಲ್‌ಗಳ ಹೆಸರನ್ನು ಪಿ_ಸದಸ್ಯ_ಐಡಿ ಎಂಬ ರೀತಿಯಲ್ಲಿ ಮೊದಲೇ ಬದಲಾಯಿಸಿಕೊಳ್ಳಿ.